ಐದು ಮಿಣುಕು

ನನ್ನ ತಂಗಿ ಆ ಕಾಗದವನ್ನು ತಂದು ಅಂಗಡಿಯ ಮೇಜಿನ ಮೇಲೆ ಇಟ್ಟಾಗ ನಾನು ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಿದ್ದೆ. ಕೈ ಒದ್ದೆಯಾಗಿದ್ದರಿಂದ ಕಾಗದವನ್ನು ಮುಟ್ಟದೆ ಬಗ್ಗಿಯೇ ಓದಿದೆ. ಓದಿ ಮುಗಿಸುವಷ್ಟರಲ್ಲಿ ಟ್ಯೂಬು ಕೈಯಿಂದ ಜಾರಿ ಬೋಗುಣಿಯ ತಳ ಸೇರಿತ್ತು.

ಕಾಗದದಲ್ಲಿ ಹೀಗಿತ್ತು: 'ಸೈಕಲ್ ಸವಾರಳು ಅಜಾಗರೂಕತೆಯಿಂದ, ತಿರುಗುತ್ತಿದ್ದ ಬಸ್ಸಿನ ಒಳಬದಿಗೆ ಏಕಾಏಕಿ ನುಗ್ಗಿದ್ದರಿಂದ ಅಪಘಾತ ಸಂಭವಿಸಿರುತ್ತದೆ. ಚಾಲಕಿಯಾದ ನಾನು ಎಲ್ಲ ನಿಯಮಗಳನ್ನೂ ಪಾಲಿಸಿರುತ್ತೇನೆ.' ಕೆಳಗೆ ಸಹಿಗೆ ಜಾಗ. ಬರೆದವಳು ನನ್ನ ತಂಗಿಯಲ್ಲ, ಬಸ್ ಕಚೇರಿಯವರು. ಟೈಪ್ ಮಾಡಿ, ಮೊಹರು ಒತ್ತಿ, ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಿಂದ ಒಂದು ಗುರುತನ್ನೂ ಮಾಡಿ ಕೊಟ್ಟಿದ್ದರು. ಪಾಪ, ಈ ಹೆಂಗಸಿಗೆ ಜಾಗ ಹುಡುಕುವ ಕಷ್ಟವೂ ಬೇಡವೆಂದು.

"ಗುರುವಾರ ವಿಚಾರಣೆ," ಎಂದಳು ತಂಗಿ. "ಸಹಿ ಹಾಕಿದ್ರೆ ಸೋಮವಾರದಿಂದ ಬಸ್ಸು ವಾಪಸ್ ಕೊಡ್ತಾರಂತೆ. ಇಲ್ಲಾಂದ್ರೆ ಉದ್ದ ಬಸ್ಸಿನ ಸೀಟು ಮರೆತುಬಿಡು ಅಂದಿದಾರೆ."

"ನೀನೇನಂದೆ?"

"ಅಣ್ಣನ್ನ ಕೇಳಿ ಹೇಳ್ತೀನಿ ಅಂದೆ."

ನಲವತ್ತು ದಾಟಿದ ಹೆಂಗಸು, ಅರವತ್ತು ಅಡಿ ಉದ್ದದ ಬಸ್ಸು ಓಡಿಸುವವಳು, ಅಣ್ಣನನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದಳು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಆ ದಿನ ಮೈಯೆಲ್ಲ ಉರಿಯಿತು.

ಆ 'ಸೈಕಲ್ ಸವಾರಳು' ಯಾರೆಂದು ಹೇಳಿಬಿಡುತ್ತೇನೆ. ನಮ್ಮ ಬೀದಿಯ ಟೈಲರಮ್ಮ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು, ಇಸ್ತ್ರಿ ಮಾಡಿ, ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಮನೆಗೆ ಮುಟ್ಟಿಸುವಾಕೆ. ಹನ್ನೆರಡು ವರ್ಷದಿಂದ ನನ್ನ ಗಿರಾಕಿ. ಬ್ರೇಕು ಸ್ವಲ್ಪ ಸಡಿಲವಾದರೂ ಅದೇ ದಿನ ಬರುವ ಒಬ್ಬಳೇ ಗಿರಾಕಿ. ಉಳಿದವರೆಲ್ಲ ಎಲ್ಲಾದರೂ ಗುದ್ದಿದ ಮೇಲೆ ಬಂದು, 'ಪಂಚರಣ್ಣ, ಇದು ಯಾಕೋ ಹಿಡೀತಾ ಇಲ್ಲ' ಎನ್ನುವವರು. ಬೆಲ್ ಬಾರಿಸಲು ಸೋಮಾರಿತನ, ದೀಪ ಹಾಕಲು ಜಿಪುಣತನ, ಆಮೇಲೆ ಇಡೀ ಊರಿನ ಮೇಲೆ ದೂರು. ಸೈಕಲ್ಲಿನವರ ಪರವಾಗಿ ಮಾತನಾಡುತ್ತೇನೆಂದು ಅವರೆಲ್ಲ ದೇವರಂಥವರು ಎಂದು ನಾನು ಹೇಳುವುದಿಲ್ಲ. ಆದರೆ ಟೈಲರಮ್ಮ ಹಾಗಲ್ಲ. ತಿರುಗುವ ಮುಂಚೆ ಹತ್ತು ಹೆಜ್ಜೆ ದೂರದಿಂದಲೇ ಕೈ ಚಾಚುವ ಹೆಂಗಸು. ಆಕೆಯ ತಲೆಯ ಮೇಲೆ ಈ ಕಚೇರಿಯವರು ಗೂಬೆ ಕೂರಿಸಲು ಹೊರಟಿದ್ದರು.

ಆಗಿದ್ದು ಹನ್ನೊಂದು ದಿನದ ಹಿಂದೆ, ಬೆಳಿಗ್ಗೆ ಎಂಟೂವರೆಗೆ, ಅಂಚೆ ಕಚೇರಿಯ ಮೂಲೆಯಲ್ಲಿ. ನನ್ನ ತಂಗಿಯ ಬಸ್ಸು ತಿರುಗುವಾಗ ಅದರ ಹಿಂಭಾಗ ಟೈಲರಮ್ಮನನ್ನು ಪಾದಚಾರಿ ದಾರಿಯ ಕಬ್ಬಿಣದ ಕಂಬಿಗೆ ಒತ್ತಿತು. ಬಲಗಾಲಿನ ಎಲುಬು ಎರಡು ಕಡೆ ಮುರಿಯಿತು. ಹೊಲಿಗೆ ಯಂತ್ರದ ಪೆಡಲು ತುಳಿಯುವ ಕಾಲೇ ಅದು. ಬಾಗಿಹೋದ ಸೈಕಲ್ಲು ನನ್ನ ಅಂಗಡಿಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ತಂಗಿ ಅಂಗಡಿಯೊಳಗೆ ಬಂದಾಗಿನಿಂದ ಅದರತ್ತ ಒಂದು ಸಲವೂ ಕಣ್ಣೆತ್ತಿರಲಿಲ್ಲ.

ಆ ಬಸ್ಸನ್ನು ನಮ್ಮ ಕಡೆ ಸೈಕಲ್ಲಿನವರೆಲ್ಲ ಉದ್ದಣ್ಣ ಎನ್ನುತ್ತಾರೆ. ಎರಡು ಬಸ್ಸನ್ನು ಒಂದರ ಹಿಂದೆ ಒಂದು ನಿಲ್ಲಿಸಿ, ನಡುವೆ ಮಡಿಕೆ ಮಡಿಕೆಯ ರಬ್ಬರು ಹಾಕಿ ಹೊಲಿದ ಹಾಗಿರುತ್ತದೆ. ನೇರ ರಸ್ತೆಯಲ್ಲಿ ಬಲು ಸಂಭಾವಿತ. ತಿರುವಿನಲ್ಲಿ ಮಾತ್ರ ಅದರ ನಿಜ ಗುಣ ಗೊತ್ತಾಗುವುದು. ಮುಂಭಾಗ ಅಗಲವಾಗಿ ಸುತ್ತಿಕೊಂಡು ಹೋಗುತ್ತದೆ, ಹಿಂಭಾಗ ಅದೇ ದಾರಿ ಹಿಡಿಯದೆ ಮೂಲೆಯನ್ನು ಸವರಿಕೊಂಡು ಬರುತ್ತದೆ. ಬಸ್ಸಿಗೂ ಕಂಬಿಗೂ ನಡುವೆ ಎರಡು ಸೈಕಲ್ಲು ಹಿಡಿಯುವಷ್ಟು ಜಾಗವಿದ್ದದ್ದು ನೋಡನೋಡುತ್ತಿದ್ದಂತೆ ಒಂದು ಗೇಣಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಡ್ರೈವರಿಗೆ ಕನ್ನಡಿಯಲ್ಲಿ ಕಾಣುವುದು ತನ್ನದೇ ಬಸ್ಸಿನ ಹಿಂಭಾಗದ ಗೋಡೆ ಮಾತ್ರ. ಗೋಡೆಯ ಆಚೆ ಯಾರಿದ್ದಾರೆಂದು ಕಾಣುವುದಿಲ್ಲ.

ಇಷ್ಟು ಗೊತ್ತಿದ್ದೂ ನಗರದವರು ಏನು ಮಾಡಿದರು? ಸೈಕಲ್ಲಿಗೆಂದು ಹಸಿರು ಪಟ್ಟೆ ಬಳಿದರು. ಆ ಪಟ್ಟೆ ಬಸ್ಸಿನ ಒಳಬದಿಗೇ ಅಂಟಿಕೊಂಡು ನೇರವಾಗಿ ಬಂದು, ಮೂಲೆಗೆ ಹದಿನೈದು ಹೆಜ್ಜೆ ಇರುವಾಗ ನಿಂತುಹೋಗುತ್ತದೆ. ಡಬ್ಬಿಯಲ್ಲಿ ಬಣ್ಣ ಮುಗಿಯಿತೋ, ತಲೆಯಲ್ಲಿ ಬುದ್ಧಿ ಮುಗಿಯಿತೋ ತಿಳಿಯದು. ಮೂರು ಅರ್ಜಿ ಬರೆದೆ. ಮೂರಕ್ಕೂ ಒಂದೇ ಉತ್ತರ, 'ಪರಿಶೀಲಿಸಲಾಗುತ್ತಿದೆ.' ಎಷ್ಟು ಪರಿಶೀಲಿಸಿದರೆಂದರೆ ಹಸಿರು ಪಟ್ಟೆಯೇ ಮಾಸಿಹೋಯಿತು.

ಹೀಗೆ ಯಾರಿಗೂ ಬೇಡವಾದ ಆ ಮೂಲೆಯಲ್ಲಿ ಡ್ರೈವರುಗಳೇ ಒಂದು ರೂಢಿ ಮಾಡಿಕೊಂಡಿದ್ದರು. ಎಲ್ಲಿಯೂ ಬರೆದದ್ದಲ್ಲ, ಯಾರೂ ಕಲಿಸಿದ್ದಲ್ಲ. ಹಸಿರು ದೀಪ ಬಿದ್ದರೂ ಉದ್ದ ಬಸ್ಸು ಅಲ್ಲಿನ ಚರಂಡಿ ಮುಚ್ಚಳದ ಮೇಲೆ ಮುಂದಿನ ಚಕ್ರ ತಂದು ಒಂದು ಕ್ಷಣ ನಿಲ್ಲುತ್ತದೆ. ತಿರುವು ತೋರಿಸುವ ದೀಪ ಐದು ಸಲ ಮಿಣುಕುವವರೆಗೆ ಡ್ರೈವರು ಎಣಿಸುತ್ತಾರೆ. ಒಳಬದಿಯಲ್ಲಿ ಸಿಕ್ಕಿಕೊಂಡ ಸೈಕಲ್ಲಿನವರು ಅಷ್ಟರಲ್ಲಿ ದಾಟಿ ಹೋಗುತ್ತಾರೆ. ಆಮೇಲೆ ಬಸ್ಸು ತಿರುಗುತ್ತದೆ. ಇದನ್ನು ನನಗೆ ಹೇಳಿದವಳು ತಂಗಿಯೇ, ಎರಡು ವರ್ಷದ ಹಿಂದೆ, ಒಂದು ಭಾನುವಾರ ಊಟಕ್ಕೆ ಬಂದಾಗ. ಉದ್ದ ಬಸ್ಸಿನ ಪರೀಕ್ಷೆ ಪಾಸು ಮಾಡಿದ ಹೊಸತು. ಹತ್ತು ವರ್ಷ ಗಿಡ್ಡ ಬಸ್ಸು ಓಡಿಸಿ, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಗೆದ್ದವಳು. ಊಟ ಮಾಡುತ್ತ ಚಮಚ ಎತ್ತಿ ಹಿಡಿದು, 'ಒಂದು, ಎರಡು, ಮೂರು' ಎಂದು ನನ್ನ ಹೆಂಡತಿಗೆ ಎಣಿಸಿ ತೋರಿಸಿದ್ದಳು. ನನಗೆ ಆಗ ಎಷ್ಟು ಹೆಮ್ಮೆಯಾಯಿತೆಂದರೆ ಇನ್ನೊಂದು ತುತ್ತು ಹೆಚ್ಚೇ ತಿಂದಿದ್ದೆ.

"ಒಂದೇ ಮಾತು ಹೇಳು," ಎಂದೆ ಈಗ. "ಆವತ್ತು ಐದು ಎಣಿಸಿದ್ಯಾ?"

ಅವಳು ಬೋಗುಣಿಯ ನೀರನ್ನೇ ನೋಡುತ್ತಿದ್ದಳು. "ಎರಡು."

"ಎರಡು?"

"ಹೊಸ ಪೆಟ್ಟಿಗೆ ಕೂರಿಸಿದಾರೆ ಅಣ್ಣ. ಸಮಯ ನೋಡೋ ಪೆಟ್ಟಿಗೆ. ಹಸಿರು ದೀಪ ಇದ್ದಾಗ ನಿಂತ್ರೆ ಟೀಂ ಟೀಂ ಅಂತ ಬಡ್ಕೊಳ್ಳುತ್ತೆ. ಕೆಂಪು ಗುರುತು ಬೀಳುತ್ತೆ. ವಾರಕ್ಕೆ ಮೂರು ಗುರುತಾದ್ರೆ ಕರೆದು ಕೂರಿಸಿ ಪಾಠ ಹೇಳ್ತಾರೆ. ಡಿಪೋ ಬೋರ್ಡಲ್ಲಿ ಹೆಸರು ಹಾಕ್ತಾರೆ, ನಿಧಾನದವರು ಅಂತ. ಮೂರು ವಾರದಿಂದ ಐದು ಯಾರೂ ಎಣಿಸ್ತಿಲ್ಲ."

"ಮೂರು ವಾರ. ಅಂದ್ರೆ ಇದಾಗೋ ಹೊತ್ತಿಗೇ ಒಂದು ವಾರ ಆಗಿತ್ತು. ಆ ನಡುವಿನ ಭಾನುವಾರ ಇಲ್ಲೇ ಬಂದು ಉಂಡು ಹೋದ್ಯಲ್ಲೇ. ಒಂದು ಮಾತು ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಹೇಳಿದ್ರೆ ನೀನು ಹೀಗೇ ಕೂಗಾಡ್ತೀಯ ಅಂತ ಹೇಳ್ಲಿಲ್ಲ."

"ಕೂಗಾಡದೆ ಆರತಿ ಎತ್ತಲಾ? ಕಾಲು ಮುರಿದುಕೊಂಡು ಮಲಗಿರೋಳು ಅವಳು, ನಿಯಮ ಪಾಲಿಸಿರೋಳು ನೀನು. ಯಾವ ಮುಖ ಇಟ್ಕೊಂಡು ಸಹಿ ಹಾಕ್ತೀಯ?"

ಇನ್ನೂ ಏನೇನೋ ಅಂದೆ. ಪಕ್ಕದ ಅಂಗಡಿಯವರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಮೆಲ್ಲಗೆ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದಳು: "ಐದು ಮಿಣುಕು ಅನ್ನೋದು ನಮ್ಮ ನಮ್ಮೊಳಗೇ ಇದ್ದದ್ದು ಅಣ್ಣ. ಡ್ರೈವರುಗಳನ್ನ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ನಾವು ಮಾತು ಕೊಟ್ಟಿರಲಿಲ್ಲವಲ್ಲ."

ನಾನು ಅವಳಿಗೆ ಬೆನ್ನು ಮಾಡಿ, ಕೈ ಒರೆಸುವ ಬಟ್ಟೆ ಹುಡುಕತೊಡಗಿದೆ.

ಏಕೆಂದರೆ ಮಾತು ಕೊಟ್ಟವನು ಒಬ್ಬನಿದ್ದ. ನಾನೇ. ಎರಡು ವರ್ಷದ ಹಿಂದಿನ ಆ ಭಾನುವಾರದ ಮರುದಿನದಿಂದಲೇ ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳತೊಡಗಿದ್ದೆ: 'ಅಂಚೆ ಕಚೇರಿ ಮೂಲೇಲಿ ಉದ್ದಣ್ಣ ನಿಂತಿದ್ರೆ ಹೆದರಬೇಡಿ. ಐದು ಮಿಣುಕು ನಿಮ್ದು. ಎಣಿಸಿಕೊಂಡು ದಾಟಿಬಿಡಿ. ನನ್ನ ತಂಗಿಯೇ ಹೇಳಿದಾಳೆ.' ಬರೀ ಬಾಯಲ್ಲಿ ಹೇಳಿದರೆ ಮರೆಯುತ್ತಾರೆಂದು, ಕತ್ತಲಲ್ಲಿ ಹೊಳೆಯುವ ಹಳದಿ ಪಟ್ಟಿಯನ್ನು ತುಂಡು ತುಂಡು ಕತ್ತರಿಸಿ, ಮಸಿಯಲ್ಲಿ ದೊಡ್ಡದಾಗಿ ಐದರ ಅಂಕಿ ಬರೆದು, ದುರಸ್ತಿಗೆ ಬಂದ ಪ್ರತಿ ಸೈಕಲ್ಲಿನ ಹ್ಯಾಂಡಲಿಗೂ ಅಂಟಿಸಿ ಕಳಿಸುತ್ತಿದ್ದೆ. ತಂಗಿ ಇರುವುದು ಡಿಪೋ ಹತ್ತಿರದ ಬಾಡಿಗೆ ಕೋಣೆಯಲ್ಲಿ. ಬರುವುದು ಭಾನುವಾರ, ಅಂಗಡಿ ಮುಚ್ಚಿದ ದಿನ. ಬಸ್ಸಿನ ಸೀಟಿನಿಂದ ಸೈಕಲ್ಲಿನ ಹ್ಯಾಂಡಲು ಯಾರಿಗೆ ಕಾಣುತ್ತದೆ? ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ. ಡ್ರೈವರುಗಳು ತಮ್ಮ ಒಳ್ಳೆಯತನದಿಂದ ಮಾಡುತ್ತಿದ್ದುದನ್ನು ಎಲ್ಲರೂ ನಂಬಿ ನಡೆಯುವ ನಿಯಮ ಮಾಡಿಬಿಟ್ಟಿದ್ದೆ. ಅದು ನಿಂತುಹೋದಾಗ ತಿಳಿಸುವವರು ಯಾರು ಎಂದು ಯೋಚಿಸಿರಲಿಲ್ಲ.

"ಯಾಕೆ ಸುಮ್ಮನಾದೆ?" ಎಂದಳು ತಂಗಿ.

"ಹೋಗು, ಗುರುವಾರ ನೋಡೋಣ," ಎಂದೆ. ಬೋಗುಣಿಯಿಂದ ಟ್ಯೂಬು ತೆಗೆದೆ. ಗುಳ್ಳೆ ಎಲ್ಲಿಂದ ಬರುತ್ತಿತ್ತೆಂಬುದು ಮರೆತೇ ಹೋಗಿತ್ತು.

ಅವಳು ಹೋದ ಮೇಲೆ ನಾನು ಮಾಡಿದ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಟೈಲರಮ್ಮನ ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿ, ಹ್ಯಾಂಡಲಿನ ಮೇಲಿದ್ದ ಆ ಹಳದಿ ತುಂಡನ್ನು ಉಗುರಿನಿಂದ ಕೆರೆಯಲು ಶುರು ಮಾಡಿದೆ. ಗಟ್ಟಿ ಅಂಟು ನನ್ನದೇ ಆಯ್ಕೆ, ಮಳೆಗೂ ಬಿಡಬಾರದೆಂದು. ಅರ್ಧ ಎದ್ದಿತು, ಅರ್ಧ ಉಳಿಯಿತು. ಅಷ್ಟರಲ್ಲಿ ನನ್ನ ಹೆಂಡತಿ ಟೀ ಹಿಡಿದುಕೊಂಡು ಒಳಗಿನಿಂದ ಬಂದಳು.

"ಏನ್ರೀ ಕೆರೀತಾ ಇದೀರಿ?"

"ಏನಿಲ್ಲ. ಕೊಳೆ."

ಅವಳು ಲೋಟ ಇಟ್ಟು ಹ್ಯಾಂಡಲನ್ನು ನೋಡಿದಳು, ನನ್ನನ್ನು ನೋಡಿದಳು. ಆ ಪಟ್ಟಿಗಳನ್ನು ಕತ್ತರಿಸಿದ್ದು ಅವಳ ಕತ್ತರಿಯಿಂದಲೇ. "ನಗರದವರಿಗೆ ಬೈದಾಯ್ತು, ಕಚೇರಿಯವರಿಗೆ ಬೈದಾಯ್ತು, ತಂಗಿಗಂತೂ ಪಕ್ಕದ ಬೀದಿಗೆ ಕೇಳೋ ಹಾಗೆ ಬೈದಾಯ್ತು," ಎಂದಳು. "ಇನ್ನು ಯಾರು ಬಾಕಿ ಇದಾರೆ?"

"ನಿನಗೇನು ಗೊತ್ತು, ಸುಮ್ನಿರು."

"ಸುಮ್ನೇ ಇದೀನಪ್ಪ. ಟೀ ಆರುತ್ತೆ, ಕುಡೀರಿ."

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನಗೆ ಬೈದದ್ದು ಕಡಿಮೆ. ಬೈದಿದ್ದರೇ ವಾಸಿ ಅನ್ನಿಸಿತು.

ಮರುದಿನ ಮಧ್ಯಾಹ್ನ ಟೈಲರಮ್ಮನ ಮನೆಗೆ ಹೋದೆ. ಒಂದೇ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮೇಲೆ ಬಟ್ಟೆ ಹೊದಿಸಿತ್ತು. ಗೋಡೆಗೆ ಅರ್ಧ ಹೊಲಿದ ನೀಲಿ ಲಂಗಗಳ ಸಾಲು. ಆಕೆ ಮಂಚದ ಮೇಲೆ ಕಾಲು ಚಾಚಿ ಕುಳಿತು, ಸುಮ್ಮನಿರಲಾರದೆ ಕೈಯಿಂದಲೇ ಗುಂಡಿ ಹಚ್ಚುತ್ತಿದ್ದಳು. ಪ್ಲಾಸ್ಟರು ಹಾಕಿದ ಕಾಲು ದಿಂಬಿನ ಮೇಲಿತ್ತು.

"ಬನ್ನಿ ಅಣ್ಣ, ಆ ಸ್ಟೂಲ್ ಎಳಕೊಳ್ಳಿ. ನಿಮ್ಮ ತಂಗಿ ಎರಡು ಸಲ ಬಂದು ಹೋದ್ರು. ಪಾಪ, ಕೂತು ಅತ್ತೇ ಹೋದ್ರು."

ಇದನ್ನು ತಂಗಿ ನನಗೆ ಹೇಳಿರಲಿಲ್ಲ. ನಾನು ಅವಳಿಗೆ ಹೇಳಲು ಬಿಟ್ಟಿದ್ದರೆ ತಾನೇ.

"ಕಚೇರಿಯವರು ಬಂದಿದ್ರು," ಎಂದಳು ಟೈಲರಮ್ಮ. "ತಿರುಗೋ ಬಸ್ಸಿನ ಒಳಗಡೆ ಹೋಗು ಅಂತ ನಿನಗೆ ಯಾರು ಹೇಳಿದ್ರು ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ. ನಿಮ್ಮ ಹೆಸರು ಯಾಕೆ ಹೇಳಲಿ? ನೀವು ಒಳ್ಳೇದಕ್ಕೇ ಹೇಳಿದ್ದು."

ನಾನು ಸ್ಟೂಲಿನ ಪಕ್ಕದ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡೆ. ಆಕೆ ದಾರ ಹಲ್ಲಿನಿಂದ ಕಚ್ಚಿ ತುಂಡು ಮಾಡಿ, ಇನ್ನೊಂದು ಗುಂಡಿ ಎತ್ತಿಕೊಂಡಳು. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದ ಹಾಗೆ ಕೇಳಿದಳು.

"ಅಣ್ಣ, ಒಂದು ಮಾತು. ಐದು ಅಂದಿದ್ರಿ ಅಲ್ವಾ? ನಾನು ಎರಡು ಎಣಿಸಿ ಹೊರಟೆ, ಮೂರು ಅನ್ನೋ ಹೊತ್ತಿಗೆ ಬಸ್ಸು ಪಕ್ಕಕ್ಕೆ ಬಂದುಬಿಟ್ಟಿತ್ತು. ಮಲಗಿದ್ರೂ ಎದ್ರೂ ಅದೇ ಎಣಿಸ್ತೀನಿ. ಎಲ್ಲಿ ತಪ್ಪಿದೆ ಅಂತ. ಮೊದಲೆರಡು ಮಿಣುಕು ನಾನು ನೋಡದೆ ಬಿಟ್ಟೆನೋ ಏನೋ. ಹೊಲಿಗೇಲಿ ಒಂದು ದಿನ ಅಳತೆ ತಪ್ಪಿದೋಳಲ್ಲ ನಾನು. ಇಲ್ಲಿ ಹೇಗೆ ತಪ್ಪಿದೆ?"

ಹನ್ನೆರಡು ದಿನದಿಂದ ಈ ಹೆಂಗಸು ತನ್ನ ಲೆಕ್ಕ ತಪ್ಪಾಯಿತೆಂದು ಕೊರಗುತ್ತ ಕುಳಿತಿದ್ದಳು. ಕಚೇರಿಯವರು ಆಕೆಯ ಮೇಲೆ ಕೂರಿಸಲು ಹೊರಟ ಗೂಬೆಯನ್ನು ಆಕೆ ತಾನೇ ಎತ್ತಿ ಕೂರಿಸಿಕೊಂಡಾಗಿತ್ತು. ಅದಕ್ಕೆ ಕಾರಣನಾದವನು ಸ್ಟೂಲಿನ ಮೇಲೆ ಕುಳಿತು ಆಕೆಯ ಮನೆಯ ನೀರು ಕುಡಿಯುತ್ತಿದ್ದ.

"ನೀವು ತಪ್ಪಿಲ್ಲ," ಎಂದೆ.

"ನೀವು ಸಮಾಧಾನಕ್ಕೆ ಹೇಳ್ತೀರಿ."

"ಸಮಾಧಾನಕ್ಕಲ್ಲ. ನಾಳೆ ಗೊತ್ತಾಗುತ್ತೆ. ನಿಮ್ಮನ್ನ ಕರೆದುಕೊಂಡು ಹೋಗೋಕೆ ಗಾಡಿ ತರ್ತೀನಿ," ಎಂದು ಎದ್ದೆ. ಇನ್ನೂ ಒಂದು ನಿಮಿಷ ಕುಳಿತಿದ್ದರೂ ಎಲ್ಲವನ್ನೂ ಅಲ್ಲೇ ಹೇಳಿಬಿಡುತ್ತಿದ್ದೆ. ಆದರೆ ಆಕೆಯ ಮನೆಯಲ್ಲಿ ಗುಟ್ಟಾಗಿ ಹೇಳಿ ಪ್ರಯೋಜನವಿರಲಿಲ್ಲ. ಬರೆದುಕೊಳ್ಳುವವರ ಎದುರಿಗೇ ಹೇಳಬೇಕಿತ್ತು.

ಗುರುವಾರ ಡಿಪೋದ ಮೇಲಿನ ಮಹಡಿಯಲ್ಲಿ ವಿಚಾರಣೆ. ಲಿಫ್ಟ್ ಕೆಟ್ಟಿತ್ತು. ಕಾಲು ಮುರಿದವಳನ್ನು ವಿಚಾರಣೆಗೆ ಕರೆದು ಮೂರನೇ ಮಹಡಿಯಲ್ಲಿ ಕೂರುವ ಜನ ಇವರು. ನಾನೂ ತಂಗಿಯೂ ಕುರ್ಚಿಯಲ್ಲಿ ಕೂರಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಟೈಲರಮ್ಮನನ್ನು ಮೇಲಕ್ಕೆ ಹೊತ್ತೆವು. ಮೆಟ್ಟಿಲ ಮೇಲೆ ಇಬ್ಬರೂ ಏದುಸಿರು ಬಿಡುತ್ತಿದ್ದೆವು. ನನ್ನ ಹೆಗಲಿಗೆ ಒಂದು ಚೀಲ ಬೇರೆ ಇತ್ತು. ಅದರಲ್ಲಿ ಸೈಕಲ್ಲಿನಿಂದ ಬಿಚ್ಚಿದ ಹ್ಯಾಂಡಲು.

ಸುರಕ್ಷತಾ ಅಧಿಕಾರಿ ಬಹಳ ನಯದ ಮನುಷ್ಯ. ಎಲ್ಲರಿಗೂ ನೀರು ಕೊಡಿಸಿದರು. ಆಮೇಲೆ ಮೇಜಿನ ಮೇಲೆ ಒಂದು ಸ್ಟೇಪ್ಲರನ್ನು ಬಸ್ಸೆಂದೂ ಒಂದು ರಬ್ಬರಿನ ತುಂಡನ್ನು ಸೈಕಲ್ಲೆಂದೂ ಇಟ್ಟು, ಅಪಘಾತ ಹೇಗಾಯಿತೆಂದು ತೋರಿಸಿದರು. ಸ್ಟೇಪ್ಲರು ಚೆಂದವಾಗಿ ತಿರುಗಿತು, ರಬ್ಬರಿಗೆ ತಾಗಲೇ ಇಲ್ಲ. "ನೋಡಿ, ಸವಾರರು ಇಲ್ಲೇ ನಿಂತಿದ್ರೆ ಏನೂ ಆಗ್ತಿರಲಿಲ್ಲ," ಎಂದರು.

"ಸಾರ್," ಎಂದೆ, "ನಿಮ್ಮ ಬಸ್ಸಿಗೆ ನಡುವೇ ಇಲ್ಲ."

"ಏನಂದ್ರಿ?"

"ಸ್ಟೇಪ್ಲರು ನಡುವೆ ಬಾಗಲ್ಲ. ಆ ಬಸ್ಸು ಬಾಗುತ್ತೆ. ಕಾಲು ಮುರಿದಿದ್ದೇ ಆ ಬಾಗೋ ಜಾಗದ ಹಿಂದೆ. ಅದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ತೋರಿಸಿದ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. "ತಾವು ಯಾರು?"

"ಸೈಕಲ್ ರಿಪೇರಿಯವನು. ಚಾಲಕಿಯ ಅಣ್ಣ. ಮತ್ತೆ ಈಯಮ್ಮನ್ನ ಬಸ್ಸಿನ ಒಳಬದಿಗೆ ಕಳಿಸಿದವನು." ಚೀಲದಿಂದ ಹ್ಯಾಂಡಲು ತೆಗೆದು ಸ್ಟೇಪ್ಲರಿನ ಪಕ್ಕ ಇಟ್ಟೆ. ಅರ್ಧ ಕಿತ್ತ ಹಳದಿ ತುಂಡು, ಅದರ ಮೇಲೆ ಅರ್ಧ ಉಳಿದ ಐದರ ಅಂಕಿ. ಎಲ್ಲವನ್ನೂ ಹೇಳಿದೆ. ಭಾನುವಾರದ ಊಟ, ಐದು ಮಿಣುಕು, ಇನ್ನೂರ ಹನ್ನೆರಡು ಸೈಕಲ್ಲು. ತಂಗಿ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

"ಇದನ್ನ ಕಿತ್ತವರು ಯಾರು?" ಎಂದರು ಅಧಿಕಾರಿ.

"ನಾನೇ. ಮಂಗಳವಾರ. ಸಿಕ್ಕಿಬೀಳ್ತೀನಿ ಅಂತ ಹೆದರಿ."

ಆ ಮನುಷ್ಯನಿಗೆ ಎಷ್ಟು ಖುಷಿಯಾಯಿತೆಂದು ಹೇಳತೀರದು. ಗೂಬೆ ಕೂರಿಸಲು ಹೊಸದೊಂದು ತಲೆ ಸಿಕ್ಕಿತ್ತು. ಬಸ್ಸಿನದಲ್ಲ, ಕಚೇರಿಯದಲ್ಲ, ಪೆಟ್ಟಿಗೆಯದಲ್ಲ. "ಹಾಗಾದ್ರೆ ಸರಳವಾಯ್ತು," ಎಂದು ಸರಸರ ಬರೆದುಕೊಳ್ಳತೊಡಗಿದರು. "ಹೊರಗಿನ ವ್ಯಕ್ತಿಯೊಬ್ಬರು ಅನಧಿಕೃತ ಸೂಚನೆ ಕೊಟ್ಟು ಸವಾರರನ್ನ ದಾರಿ ತಪ್ಪಿಸಿದಾರೆ. ಚಾಲಕಿ ನಿಯಮದ ಪ್ರಕಾರವೇ ನಡೆದುಕೊಂಡಿದಾರೆ." ಹಾಗೆ ಬರೆದ ಕಾಗದವನ್ನು ತಂಗಿಯತ್ತ ತಳ್ಳಿ ಪೆನ್ನು ಕೊಟ್ಟರು. "ನೀವಿಲ್ಲಿ ಸಹಿ ಮಾಡಿ ಹೋಗಿ, ಸೋಮವಾರ ಬಸ್ಸು ತಗೊಳ್ಳಿ."

ತಂಗಿ ಪೆನ್ನು ಹಿಡಿದಳು. ಸಹಿ ಹಾಕಿದರೆ ಈಗ ಟೈಲರಮ್ಮನ ಮೇಲೂ ದೂರಿಲ್ಲ, ಅವಳ ಬಸ್ಸೂ ಉಳಿಯುತ್ತದೆ, ಬೈಸಿಕೊಳ್ಳುವವನು ನಾನೊಬ್ಬ. ನಿಜ ಹೇಳುತ್ತೇನೆ, ಹಾಕಿಬಿಡಲಿ ಎಂದು ನನ್ನ ಮನಸ್ಸಿಗೂ ಬಂತು.

ಆಗ ಟೈಲರಮ್ಮ ಮಾತಾಡಿದಳು. ಅಧಿಕಾರಿಯ ಹತ್ತಿರವಲ್ಲ, ತಂಗಿಯ ಹತ್ತಿರ.

"ಅಮ್ಮ, ನನಗೆ ಬೇರೇನೂ ಬೇಡ. ಒಂದೇ ಹೇಳಿ. ನಾನು ಎಣಿಸಿದ್ದು ಸರಿನಾ?"

ತಂಗಿ ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಸರಿ," ಎಂದಳು. "ನೀವು ಎಣಿಸಿದ್ದು ಸರಿ. ಎರಡಕ್ಕೇ ತಿರುಗಿಸಿದ್ದು ನಾನು. ಪೆಟ್ಟಿಗೆ ಕೂಗಿಕೊಳ್ತು, ನಾನು ತಿರುಗಿಸಿದೆ. ಆ ವಾರ ನನ್ನ ಹೆಸರಿನ ಮುಂದೆ ಆಗ್ಲೇ ಎರಡು ಗುರುತಿತ್ತು." ಆಮೇಲೆ ಅಧಿಕಾರಿಯತ್ತ ತಿರುಗಿದಳು. "ಇದನ್ನ ಬರಕೊಳ್ಳಿ ಸಾರ್. ಇದಕ್ಕೆ ಸಹಿ ಮಾಡ್ತೀನಿ. ಅದಕ್ಕೆ ಮಾಡಲ್ಲ."

"ಐದು ನಿಲ್ಲಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲವಲ್ಲಮ್ಮ."

"ಇಲ್ಲ. ಅದಕ್ಕೇ ಹೇಳ್ತಾ ಇರೋದು."

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಳೋ ಬೆವರೋ ನಾನು ಕೇಳಲಿಲ್ಲ. ಇಳಿಯುವಾಗ ಕುರ್ಚಿ ಹತ್ತುವಾಗಿನಷ್ಟು ಭಾರವಿರಲಿಲ್ಲ ಎಂದು ನನಗನ್ನಿಸಿತು, ತಂಗಿ ಮಾತ್ರ ಇನ್ನೂ ಭಾರ ಎಂದಳು. ಕೆಳಗೆ ಬಂದ ಮೇಲೆ ಅವಳು ನನ್ನ ಕಡೆ ನೋಡಿ, "ಇನ್ನೂರ ಹನ್ನೆರಡಾ?" ಎಂದು ಕೇಳಿದಳು. ಹೌದೆಂದೆ. ಅವಳು ಅದಕ್ಕೆ ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ.

ಆಮೇಲಿನದು ಬೇಗ ಹೇಳುತ್ತೇನೆ, ಹೇಳಿದಷ್ಟೂ ನನ್ನ ರಕ್ತ ಕುದಿಯುತ್ತದೆ. ತಂಗಿಯನ್ನು ಉದ್ದ ಬಸ್ಸಿನಿಂದ ಇಳಿಸಿ, ಡಿಪೋದಲ್ಲಿ ಬಸ್ಸು ತೊಳೆಯುವ ಕಡೆ ಹಾಕಿದರು. ಸತ್ಯ ಹೇಳಿದ್ದಕ್ಕೆ ಎಂದು ಬರೆಯಲಿಲ್ಲ, 'ಚಾಲನೆಯಲ್ಲಿ ಲೋಪ' ಎಂದು ಬರೆದರು. ನನಗೆ ಒಂದು ನೋಟಿಸು ಬಂತು, ಪಟ್ಟಿ ಅಂಟಿಸುವುದನ್ನು ನಿಲ್ಲಿಸಬೇಕೆಂದು. ಟೈಲರಮ್ಮನ ತಪ್ಪಿಲ್ಲವೆಂದು ಒಂದೂವರೆ ಸಾಲು ಬರೆದರು, ಆಕೆ ಅದನ್ನು ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾಳೆ. ಮೂಲೆಯಲ್ಲಿ ಒಂದು ಬೋರ್ಡು ನೆಟ್ಟರು: 'ಸೈಕಲ್ ಸವಾರರೇ, ಎಚ್ಚರಿಕೆ.' ಹಸಿರು ಪಟ್ಟೆ ಈಗಲೂ ಹದಿನೈದು ಹೆಜ್ಜೆ ಮೊದಲೇ ನಿಲ್ಲುತ್ತದೆ. ಪೆಟ್ಟಿಗೆ ಈಗಲೂ ಬಸ್ಸಿನಲ್ಲಿದೆ.

ನಾನು ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ, ಒಂದು ಚಪ್ಪಟೆ ಬ್ಲೇಡು ಹಿಡಿದು ಅಂಚೆ ಕಚೇರಿಯ ಮೂಲೆಯಲ್ಲಿ ನಿಲ್ಲುತ್ತೇನೆ. ಹಳದಿ ತುಂಡು ಕಂಡರೆ ಸೈಕಲ್ಲು ನಿಲ್ಲಿಸಿ ಕೆರೆದು ತೆಗೆಯುತ್ತೇನೆ. 'ನಾನು ಹೇಳಿದ್ದು ಸುಳ್ಳು, ಇಳಿದು ತಳ್ಳಿಕೊಂಡು ಹೋಗಿ' ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಹೊತ್ತಾಯಿತೆಂದು ಬೈಯುತ್ತಾರೆ. ನೂರ ಮೂವತ್ತೊಂದು ಸಿಕ್ಕಿವೆ. ಉಳಿದ ಎಂಬತ್ತೊಂದು ಸೈಕಲ್ಲು ಊರಿನಲ್ಲಿ ಎಲ್ಲೋ ನನ್ನ ಮಾತು ನಂಬಿಕೊಂಡು ಓಡಾಡುತ್ತಿವೆ.

ನಾಲ್ಕು ತಿಂಗಳಾದ ಮೇಲೆ ಟೈಲರಮ್ಮ ಮತ್ತೆ ಸೈಕಲ್ಲು ಏರಿದಳು. ಚೌಕಟ್ಟು ನೇರ ಮಾಡಿ, ಹೊಸ ಹ್ಯಾಂಡಲು ಹಾಕಿ ಕೊಟ್ಟಿದ್ದೆ. ಆ ಬೆಳಿಗ್ಗೆ ಸಮವಸ್ತ್ರದ ಗಂಟು ಕಟ್ಟಿಕೊಂಡು ಮೂಲೆಯವರೆಗೆ ಬಂದು, ನನ್ನನ್ನು ನೋಡಿ, ಒಂದು ಕಾಲೂರಿ ನಿಂತಳು. ಅದೇ ಹೊತ್ತಿಗೆ ಉದ್ದಣ್ಣ ಬಂದ. ಓಡಿಸುತ್ತಿದ್ದವನು ತಂಗಿಯ ಜೊತೆಗಾರ, ದಪ್ಪ ಮೀಸೆಯವನು. ತಂಗಿಯನ್ನು ಇಳಿಸಿದ ವಾರದಿಂದ ಡ್ರೈವರುಗಳೆಲ್ಲ ಮತ್ತೆ ಎಣಿಸಲು ಶುರು ಮಾಡಿದ್ದರು, ಪೆಟ್ಟಿಗೆ ಕೂಗಿಕೊಂಡರೆ ಕೂಗಿಕೊಳ್ಳಲಿ ಎಂದು. ಎಲ್ಲರನ್ನೂ ಕರೆದು ಪಾಠ ಹೇಳುತ್ತ ಕೂತರೆ ಬಸ್ಸು ಓಡಿಸುವವರು ಯಾರು? ಆದರೂ ಎಂದು ಮತ್ತೆ ನಿಲ್ಲಿಸುತ್ತಾರೋ ತಿಳಿಯದು, ಅದಕ್ಕೇ ನಾನು ಕೆರೆಯುವುದನ್ನು ಬಿಟ್ಟಿಲ್ಲ.

ಚಕ್ರ ಚರಂಡಿ ಮುಚ್ಚಳದ ಮೇಲೆ ಬಂದು ನಿಂತಿತು. ದೀಪ ಮಿಣುಕತೊಡಗಿತು. ಒಂದು. ಎರಡು. ಟೈಲರಮ್ಮನ ತುಟಿ ಅಲ್ಲಾಡುತ್ತಿತ್ತು. ಮೂರು. ನಾಲ್ಕು. ತೆರೆದ ಕಿಟಕಿಯಿಂದ ಪೆಟ್ಟಿಗೆಯ ಟೀಂ ಟೀಂ ನನಗೆ ಕೇಳಿಸುತ್ತಿತ್ತು. ಐದು. ಡ್ರೈವರು ಆಕೆಯನ್ನು ಗುರುತು ಹಿಡಿದಿರಬೇಕು, ಕೈ ಹೊರಗೆ ಹಾಕಿ, ಹೋಗಿ ಎಂದು ಸನ್ನೆ ಮಾಡಿದ. ಆಕೆ ಅಲ್ಲಾಡಲಿಲ್ಲ. ಬಸ್ಸೂ ಅಲ್ಲಾಡಲಿಲ್ಲ. ಹಿಂದಿನಿಂದ ಕಾರುಗಳು ಹಾರನ್ ಒತ್ತಿದವು. ಏಳು, ಎಂಟು, ಒಂಬತ್ತು.

"ಹೋಗಿ ಟೈಲರಮ್ಮ," ಎಂದೆ. "ನಿಜವಾಗಿ ನಿಂತಿದಾನೆ."

"ಗೊತ್ತು ಅಣ್ಣ," ಎಂದಳು. ಹ್ಯಾಂಡಲು ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದವು. "ಕಾಲು ಕೇಳ್ತಾ ಇಲ್ಲ."

ಹನ್ನೆರಡನೆಯ ಮಿಣುಕಿಗೆ ಬಸ್ಸು ನಿಧಾನವಾಗಿ ತಿರುಗಿ, ಹಿಂಭಾಗ ಕಂಬಿಯನ್ನು ಸವರಿಕೊಂಡು ಹೊರಟುಹೋಯಿತು. ಟೈಲರಮ್ಮ ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ಪಾದಚಾರಿ ದಾರಿ ಹತ್ತಿದಳು.